ಮಾವನ ಕೇದಾರದ ತಾಲೀಮು

ನಮ್ಮ ಸೋದರಮಾವನಷ್ಟು ಸಲ ಕೇದಾರದ ಬೆಟ್ಟ ಹತ್ತಿದವರು ಇಡೀ ಕೊಪ್ಪಳದಲ್ಲಿ ಇನ್ನೊಬ್ಬರಿಲ್ಲ. ಹತ್ತಿದ್ದೆಲ್ಲ ನಮ್ಮೂರ ಕೋಟೆ ಗುಡ್ಡವನ್ನೇ, ಆ ಮಾತು ಬೇರೆ!

ನಿಜಾಮರ ಕಾಲ ಅದು. ಮಾವ ಸಾಲಿ ಮಾಸ್ತರರು. ಆಗೆಲ್ಲ ಕಾಶಿ, ಕೇದಾರಕ್ಕೆ ಹೋಗುವವರು ಹತ್ತು ಜನ ಕೂಡಿ, ಬಂಧುಗಳ ಕಾಲಿಗೆ ಬಿದ್ದು, "ಬಂದರೆ ಬಂದೆವು" ಎಂದು ಹೊರಡುತ್ತಿದ್ದರು. ಈ 'ಬಂದರೆ' ಎಂಬುದೇ ಮಾವನಿಗೆ ಸರಿಬರಲಿಲ್ಲ.

"ತಯಾರಿ ಇಲ್ಲದ ಹೋದ್ರ ಹಂಗ ಆಗತೈತಿ. ನಾ ಒಬ್ಬನ ಹೋಗ್ತೀನಿ, ಒಬ್ಬನ ಬರ್ತೀನಿ" ಎಂದರು. ಜೊತೆಗೆ ಯಾರೂ ಬೇಡವೇ? "ಹತ್ತು ಮಂದಿ ಕೂಡಿದ್ರ ಹತ್ತೂ ಮಂದಿ ಮೊಣಕಾಲ ನೋವು ಕೇಳಬೇಕು!"

ಅಲ್ಲಿ ಮೇಲೆ ಹೋದಂತೆ ಉಸಿರು ಸಿಗುವುದಿಲ್ಲ ಎಂದು ಯಾರೋ ಬೈರಾಗಿ ಹೇಳಿದ್ದನಂತೆ. ಸರಿ, ಮಾವ ಬಾಯಿ ತುಂಬ ನೀರು ಹಿಡಿದು, ಮೂಗಿನಿಂದಷ್ಟೇ ಉಸಿರಾಡುತ್ತ ಗುಡ್ಡ ಹತ್ತತೊಡಗಿದರು. ಆದರೆ ಮಾಸ್ತರರನ್ನು ಕಂಡು ಮಾತಾಡಿಸದೆ ಬಿಡುವ ಊರೇ ನಮ್ಮದು? ಉತ್ತರ ಕೊಡದಿದ್ದರೆ ಸೊಕ್ಕು ಅಂತಾರೆ, ಕೊಟ್ಟರೆ ನೀರು ಹೊಟ್ಟೆಗೆ! ಮಾವ ಮರ್ಯಾದಸ್ಥರು. ಗುಟುಕ್ಕನೆ ನುಂಗಿ, "ನಮಸ್ಕಾರ್ರಿ, ಆರಾಮದೀರಿ?" ಎನ್ನುವರು. ಮತ್ತೆ ಕೆಳಗಿಳಿದು ಬಾಯಿ ತುಂಬಿಸಿಕೊಂಡು ಮೊದಲಿನಿಂದ ಹತ್ತುವರು. ಗುಟ್ಟು ಗೊತ್ತಾದ ಮೇಲೆ ಕೇಳಬೇಕೆ? ಕುರಿ ಕಾಯುವವರು ಬಂಡೆಗೊಬ್ಬರಂತೆ ನಿಂತು ನಮಸ್ಕಾರ ಹೊಡೆದರು. ಅವತ್ತು ಮಾವ ತುದಿ ಮುಟ್ಟಲಿಲ್ಲ, ಒಂದು ಕೊಡ ನೀರು ಕುಡಿದು ಮನೆಗೆ ಬಂದರು.

ಇನ್ನು ಊರುಗೋಲು. ಹಗುರ ಇರಬೇಕು, ಹಿಮದಲ್ಲಿ ಬಿದ್ದರೂ ಕಣ್ಣಿಗೆ ಕಾಣಬೇಕು. ಕಿನ್ನಾಳಕ್ಕೆ ಹೋಗಿ ಗೊಂಬೆ ಮಾಡುವವರೊಬ್ಬರಿಗೆ ಹೇಳಿಬಂದರು. ಬಂತು ನೋಡಿ, ಕುಂಕುಮದಂಥ ಕೆಂಪು ಕೋಲು, ತುದಿಗೊಂದು ಹಸಿರು ಗಿಳಿ! ಮೊದಲನೇ ಬಂಡೆಗೆ ಊರಿದ್ದೇ ತಡ, ಲಟಕ್ಕನೆ ಎರಡು ತುಂಡು. ಕೇಳಲು ಹೋದರೆ ಆತ ಮಾವನನ್ನೇ ತರಾಟೆಗೆ ತೆಗೆದುಕೊಂಡ.

"ಊರ್ಕೊಂಡು ನಡೀತೀನಂತ ಎಲ್ಲಿ ಹೇಳಿದ್ರಿ ಮಾಸ್ತರ? ಭಾರ ಇರಬಾರದು, ಎದ್ದು ಕಾಣಬೇಕು ಅಂದ್ರಿ. ನಾ ಮೆರವಣಿಗಿಗಂತ ತಿಳಕೊಂಡ್ನಿ!"

ಊರೆಲ್ಲ ನಗುತ್ತಿತ್ತು, ಅತ್ತೆ ಮಾತ್ರ ನಗುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ, ಇದ್ದವರು ಇಬ್ಬರೇ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟುತ್ತ ಕೇಳಿದರು:

"ಉಸಿರು ಸಿಗಲಿಲ್ಲಂದ್ರ ಏನ್ ಮಾಡ್ತೀರಿ?"

"ಹೊಳ್ಳಿ ಬರ್ತೀನಿ."

"ಗುಡಿ ಕಣ್ಣಿಗೆ ಕಾಣಾಕತ್ತಿದ್ರ?"

ಮಾವ ಗಂಟಿನ ಇನ್ನೊಂದು ತುದಿ ಹಿಡಿದು ಬಿಗಿದರು. "ಆದ್ರೂ ಹೊಳ್ಳಿ ಬರ್ತೀನಿ."

"ನನ್ನ ಮ್ಯಾಲ ಆಣಿ ಮಾಡ್ರಿ."

ಮಾಡಿದರು. ಅಕ್ಷಯ ತದಿಗೆಗೆ ರೈಲು ಹತ್ತಿದವರು ಕಾರಹುಣ್ಣಿಮೆಯ ಹೊತ್ತಿಗೆ ಬಂದಿಳಿದರು. ಮುಖ ಕಪ್ಪಾಗಿತ್ತು, ಮೈ ಅರ್ಧಕ್ಕರ್ಧ ಇಳಿದಿತ್ತು. ಕ್ಷೇತ್ರಕ್ಕೆ ಹೋಗಿ ಬಂದವರ ಕಾಲು ತೊಳೆದು ಆ ನೀರನ್ನು ತಲೆಗೆ ಹಚ್ಚಿಕೊಳ್ಳುವುದು ನಮ್ಮ ಕಡೆಯ ರೂಢಿ. ಓಣಿಯವರೆಲ್ಲ ಬಾಗಿಲಲ್ಲಿ ಸೇರಿದ್ದರು. ಅತ್ತೆ ತಂಬಿಗೆ ಹಿಡಿದು ಬಂದರೆ ಮಾವ ಕಾಲು ಹಿಂದಕ್ಕೆಳೆದುಕೊಂಡರು.

"ಬ್ಯಾಡ. ಗುಡಿ ಕಳಸ ಕಂಡಿತ್ತು. ಉಸಿರು ಕಟ್ಟಿತು, ಕಣ್ಣಿಗೆ ಕತ್ತಲಿ ಬಂತು. ಹೊಳ್ಳಿದೆ. ದರ್ಶನ ಆಗಿಲ್ಲ ನನಗ. ಇವು ತೊಳಿಯೂ ಕಾಲಲ್ಲ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಯಾರೋ ಏನು, ನಾನೇ! ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅತ್ತೆ ಅಲ್ಲೇ ಕೂತು, ಆ ಬಿರುಕು ಬಿಟ್ಟ ಕಾಲುಗಳನ್ನು ಹಿಡಿದೆಳೆದು ಪರಾತದಲ್ಲಿಟ್ಟು ನೀರು ಹಾಕಿದರು. "ಅಷ್ಟು ಸನೇಕ ಹೋಗಿ, ನನ್ನ ಸಲುವಾಗಿ ಹೊಳ್ಳಿ ಬಂದ ಕಾಲ್ರಿ ಇವು" ಎನ್ನುತ್ತ, ಅಳುತ್ತಲೇ ಆ ನೀರನ್ನು ತಲೆಗೆ ಹಚ್ಚಿಕೊಂಡರು. ಓಣಿಯವರೂ ಒಬ್ಬೊಬ್ಬರಾಗಿ ಬಗ್ಗಿದರು. ಎಲ್ಲರಿಗಿಂತ ಕೊನೆಗೆ ನಾನೂ ಬಗ್ಗಿದೆ.