ಅವ್ವನ ಕಣ್ಣಿಗೆ ಇಂಗ್ಲಿಷ್ ತೋರಿಸಿದ ಬಿಲ್ಡ್ ಪ್ರೋಗ್ರಾಮಿನವರಿಗೆ

ಹೆಬ್ಬಾಳದ ನಮ್ಮ ಬೋರ್ಡು ತಯಾರಿಸುವ ಶೆಡ್ಡಿನ ಹಿಂದಿನ ಕೋಣೆಯಲ್ಲಿ, ಫ್ಯಾನಿನ ಗಾಳಿ ಮೊದಲು ತಮಗೆ, ಮಿಕ್ಕಿದ್ದು ನಮಗೆ ಎಂಬ ಏರ್ಪಾಡಿನಲ್ಲಿ ಕಂಪ್ಯೂಟರಿನೊಳಗೆ ವಿರಾಜಮಾನರಾಗಿ, ನಾವು ಬರೆದುಕೊಟ್ಟದ್ದನ್ನು ಬೋರ್ಡಿನೊಳಗೆ ಕೂರುವಂತೆ ಕಟ್ಟಿಕೊಡುವ ಮಾನ್ಯರೇ,

ಎಂಟನೇ ಕ್ಲಾಸು ಅರ್ಧಕ್ಕೇ ಬಿಟ್ಟ ರುದ್ರಸ್ವಾಮಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ, ಯಾಕೆಂದರೆ ತಮಗೆ ಏನಾದರೂ ಆದರೆ ಮೊದಲು ಬೈಸಿಕೊಳ್ಳುವವನು ನಾನೇ. ಬರೆದದ್ದರಲ್ಲಿ ಹೆಚ್ಚುಕಮ್ಮಿ ಇದ್ದರೆ ಕೋಪಿಸಿಕೊಂಡು ನಿಂತುಬಿಡಬೇಡಿ.

ವಿಷಯ ಏನೆಂದರೆ, ಸಿದ್ಧಾರ್ಥನಗರದ ಒಂದು ಕಣ್ಣಿನ ಕ್ಲಿನಿಕ್ಕಿಗೆ ನಾವು ಮಾಡಿಕೊಟ್ಟ ದೀಪದಕ್ಷರದ ಬೋರ್ಡು ಕನ್ನಡದಲ್ಲಿ ಬರಬೇಕಿತ್ತು. ಬೋರ್ಡಿನ ಮಾತು ಎರಡೂ ಭಾಷೆಯಲ್ಲಿ ತಮ್ಮ ಹತ್ತಿರ ಇರುತ್ತದೆ, ಯಾವುದು ಬೇಕೆಂದು ನಾವು ಹೇಳಬೇಕು; ನಮ್ಮ ಇಂಜಿನಿಯರ್ ಅಕ್ಷತಾ ಮೇಡಂ ತಮಗೆ ಕೊಡುವ ಫೈಲಿನಲ್ಲಿ ಭಾಷೆ ಕನ್ನಡ ಅಂತಲೇ ಬರೆದಿದ್ದರು. ನಾನು ಅದನ್ನು ಮತ್ತೆ ಮತ್ತೆ ನೋಡಿ, ಗೋಡೆಯ ದೇವರ ಪಟದ ಕಡೆಗೂ ಒಮ್ಮೆ ನೋಡಿ, ಎಂಟರ್ ಒತ್ತಿದೆ. ತಾವು ಎಲ್ಲವೂ ಸರಿಯಾಯಿತೆಂದು ತಿಳಿಸಿ, ಇಂಗ್ಲಿಷ್ ಕಟ್ಟಿಕೊಟ್ಟಿರಿ. ಶೆಡ್ಡಿನಲ್ಲಿ ದೀಪ ಹತ್ತುತ್ತದೋ ಇಲ್ಲವೋ ಎಂದಷ್ಟೇ ನೋಡುವ ಪದ್ಧತಿಯಾದ್ದರಿಂದ ಬೋರ್ಡು ಹಾಗೇ ಕ್ಲಿನಿಕ್ಕಿನ ಗೋಡೆ ಏರಿತು.

ಅದರ ಮುಂದೆ ಮೊದಲ ದಿನವೇ ಕೂತವರು ನಮ್ಮವ್ವ ಪುಟ್ಟಲಿಂಗಮ್ಮ. ಮುದಿವಯಸ್ಸಿಗೆ ಸಾಕ್ಷರತಾ ಕ್ಲಾಸಿನಲ್ಲಿ ಅಕ್ಷರ ಕಲಿತು, ಆಮೇಲೆ ಪೊರೆ ಬಂದು ಅದನ್ನು ಕಾಣದಾಗಿ, ಈಗಷ್ಟೇ ಆಪರೇಷನ್ ಮಾಡಿಸಿಕೊಂಡವರು. ಕಣ್ಣು ಬಂತೋ ಇಲ್ಲವೋ ಬೋರ್ಡೇ ಹೇಳುತ್ತೆ ಕಣವ್ವ, ನಾವೇ ಮಾಡಿದ್ದು, ಕನ್ನಡದಲ್ಲಿರುತ್ತೆ, ಓದ್ಕೊ ಎಂದು ಹೇಳಿ ಕಳಿಸಿದವನು ನಾನು. ಅವ್ವ ನೋಡಿದರು, ಒಂದಕ್ಷರವೂ ಗುರುತು ಸಿಗಲಿಲ್ಲ. ಆಪರೇಷನ್ ಕೆಟ್ಟೋಯ್ತು ಕಣ್ಲಾ ಎಂದು ಕನ್ನಡಕ ಬಿಚ್ಚಿ ಅಕ್ಕಿ ಡಬ್ಬದ ಮೇಲಿಟ್ಟವರು ಮತ್ತೆ ಮುಟ್ಟಿಲ್ಲ. ಕಣ್ಣು ಚೆನ್ನಾಗಿದೆ ಅಂದ ಡಾಕ್ಟರಿಗೆ, ನನ್ನ ಮಗ ಸುಳ್ಳು ಹೇಳ್ತಾನಾ ಅಂದರಂತೆ. ಅದು ಇಂಗ್ಲಿಷ್ ಆಗಿತ್ತು ಎಂದು ನಾನೇ ಹೇಳಿದರೆ, ಸಮಾಧಾನಕ್ಕೆ ಹೇಳ್ತಿದೀಯ ಬುಡು ಅನ್ನುತ್ತಾರೆ.

ಅಕ್ಷತಾ ಮೇಡಂ ಹುಡುಕಿದ ಮೇಲೆ ತಿಳಿಯಿತು: ಫೈಲಿನಲ್ಲಿ ಭಾಷೆಯ ಪಕ್ಕ ಅವರು ಒಂದು ಪ್ರಶ್ನೆ ಚಿಹ್ನೆ ಇಟ್ಟಿದ್ದರಂತೆ, ಮೊದಲೇ ಯಾರೂ ಏನೂ ಹೇಳಿರದಿದ್ದರೆ ಮಾತ್ರ ಕನ್ನಡ ಎಂದು ಅದರ ಅರ್ಥವಂತೆ. ಆದರೆ ಈ ಕಂಪ್ಯೂಟರು ಹೊಸದಾಗಿ ಬಂದಾಗ ಜೋಡಿಸಿಕೊಟ್ಟ ಯಾರೋ ಮಹಾನುಭಾವರು ಭಾಷೆ ಇಂಗ್ಲಿಷ್ ಎಂದು ಒತ್ತಿ ಹೋಗಿದ್ದರಂತೆ. ಅವರ ಮುಖ ನಮಗೆ ನೆನಪಿಲ್ಲ, ಅವರ ಮಾತು ತಾವು ಮರೆತಿಲ್ಲ. ಎಂಥ ನಿಷ್ಠೆ! ನಮ್ಮ ಮನೆಯಲ್ಲಿ ನಾನು ಹೇಳಿದ್ದನ್ನು ಕಾಫಿ ಆರುವುದರೊಳಗೆ ಮರೆಯುತ್ತಾರೆ.

ಆದ್ದರಿಂದ ನನ್ನ ವಿನಂತಿ, ಇನ್ನು ಮೇಲೆ ನಮ್ಮ ಮಾತು ಪಕ್ಕಕ್ಕಿಡುವ ಮುಂಚೆ ದಯಮಾಡಿ ಒಂದು ಸಲ ಕೆಮ್ಮಿ. ಶುಕ್ರವಾರ ಅವ್ವ ಮತ್ತೆ ಕ್ಲಿನಿಕ್ಕಿಗೆ ಹೋಗಬೇಕು. ಅಷ್ಟರೊಳಗೆ ತಾವೇ ಸಿಟಿ ಬಸ್ಸು ಹತ್ತಿ ಮೇಟಗಳ್ಳಿಯ ನಮ್ಮ ಮನೆಗೆ ಬಂದು, ತಪ್ಪು ನಿಮ್ಮ ಕಣ್ಣಿನದಲ್ಲ ತಾಯೀ, ನನ್ನದು ಎಂದು ಹೇಳಿ ಹೋಗಬೇಕು. ಶಿಫ್ಟ್ ಬಿಡುವ ಹೊತ್ತಿಗೆ ಮಾತ್ರ ಹೊರಡಬೇಡಿ, ಮಾನಿಟರನ್ನು ತೊಡೆಯ ಮೇಲಿಟ್ಟುಕೊಳ್ಳಲೂ ಸೀಟು ಸಿಗುವುದಿಲ್ಲ.

ಮುಂದಿನ ಎಂಟರ್ ಒತ್ತಲು ಈಗಲೇ ಹೆದರಿ ಕೂತಿರುವ,
ತಮ್ಮ ವಿಶ್ವಾಸಿ,
ರುದ್ರಸ್ವಾಮಿ

ತಾ.ಕ.: ತಾವು ಬರಲಿಲ್ಲ. ಮೇಡಂ ಆ ಚಿಹ್ನೆ ಅಳಿಸಿ ಮತ್ತೆ ಕಟ್ಟಿಸಿದರು. ಶುಕ್ರವಾರ ನಾನು ಕೈಮುಗಿದು ಬೇಡಿಕೊಂಡದ್ದಕ್ಕೆ ಅವ್ವ ಕನ್ನಡಕ ಏರಿಸಿ, ದಯವಿಟ್ಟು ಸದ್ದು ಮಾಡಬೇಡಿ ಎಂದು ಬೋರ್ಡಿನಲ್ಲಿದ್ದುದನ್ನು ಇಡೀ ಕ್ಲಿನಿಕ್ಕಿಗೆ ಕೇಳುವಂತೆ ಓದಿದರು, ಮತ್ತೆ ಮತ್ತೆ ಓದಿದರು. ನರ್ಸು ಸುಮ್ಮನಿರಿಸಲು ಬಂದರೆ, ಬರೆದಿರೋದನ್ನೇ ಓದ್ತಿದೀನಿ ಕಣಮ್ಮ ಅಂದರು. ಬರೆದಿರುವುದನ್ನೇ ಓದುವುದು ಹೇಗೆಂದು ತಮಗೆ ಪಾಠ ಬೇಕಿದ್ದರೆ, ಅವ್ವ ಮನೆಯಲ್ಲೇ ಇರುತ್ತಾರೆ.