ಒಂದೇ ತಂತಿಯ ಮೋಟಾರು

ಮನೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ ಎಂಬುದು ಎಲ್ಲ ಗಂಡಂದಿರ ದೂರು. ನನ್ನ ಮಾತನ್ನು ಕಾರು ಕೂಡ ಕೇಳುತ್ತಿರಲಿಲ್ಲ. ಕೀ ತಿರುಗಿಸಿದರೆ ‘ಟಿಕ್’ ಎನ್ನುತ್ತಿತ್ತು. ಅಷ್ಟೇ. ಆಮೇಲೆ ನಾನು ಇಳಿದು, ಪಂಚೆ ಎತ್ತಿ ಕಟ್ಟಿ, ತಳ್ಳಲು ಜನ ಹುಡುಕಬೇಕು. ಆರು ತಿಂಗಳಿಂದ ಇದೇ ಪಾಡು. ಎದುರುಮನೆಯ ಶ್ರೀನಿವಾಸಯ್ಯನವರು ನಾನು ಗೇಟಿನ ಹತ್ತಿರ ಬಂದರೆ ಸಾಕು, ಹಾಡಹಗಲಲ್ಲೇ ಬಾಗಿಲು ಹಾಕಿಕೊಂಡು ಸಂಧ್ಯಾವಂದನೆಗೆ ಕೂತುಬಿಡುತ್ತಿದ್ದರು.

ಕಾರು ಮಾವನವರದು. ಅರವತ್ತೆಂಟರ ಫಿಯೆಟ್. ಅವರು ತೀರಿಹೋಗುವ ಮುಂಚೆ ‘ಕಾರು ಗೋದಾಗೆ’ ಎಂದಿದ್ದರು. ಗೋದಾ ನನ್ನ ಹೆಂಡತಿ. ಚಾಮರಾಜಪೇಟೆಯ ನಮ್ಮ ಮನೆಯ ಪಕ್ಕದ ಓಣಿಯಲ್ಲಿ ಅದು ನಿಂತಿರುತ್ತಿತ್ತು. ಸೀಟಿನಲ್ಲಿ ಇನ್ನೂ ಮಾವನವರ ನಸ್ಯದ ವಾಸನೆ. ಕೆಲವು ಮಧ್ಯಾಹ್ನ ಗೋದಾ ಹುರುಳಿಕಾಯಿಯ ಮೊರ ಹಿಡಿದು ಅದರ ಹಿಂದಿನ ಸೀಟಿನಲ್ಲಿ ಕೂತು ನಾರು ತೆಗೆಯುತ್ತಿದ್ದಳು. ಕೇಳಿದರೆ ಮನೆಯಲ್ಲಿ ಸೆಕೆ ಎನ್ನುತ್ತಿದ್ದಳು. ಡಿಸೆಂಬರಿನಲ್ಲೂ.

ಆ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಪಿತೃಪಕ್ಷದ ನಡುವೆ ಮಲ್ಲೇಶ್ವರದಿಂದ ಅವಳ ಅಣ್ಣ ರಾಘವನ ಫೋನು ಬಂತು.

“ಭಾವ, ಗುಜರಿಯವನು ಸಿಕ್ಕಿದಾನೆ. ಕಾಗದ ಎಲ್ಲ ನನ್ನ ಹೆಸರಲ್ಲೇ ಇದೆ. ಕೊಟ್ಬಿಡೋಣ. ಅಪ್ಪನ ಕಾರು ಬೀದೀಲಿ ತಳ್ಳಿಸ್ಕೊಳ್ಳೋದು ನೋಡಕ್ಕಾಗಲ್ಲ.”

ಗೋದಾ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಅಣ್ಣತಂಗಿಯರ ಮಾತುಕತೆ ಮುಗಿದಾಗ ಒಂದು ಒಪ್ಪಂದವಾಗಿತ್ತು. ವಿಜಯದಶಮಿಯ ಊಟಕ್ಕೆ ನಾವು ಅದೇ ಕಾರಿನಲ್ಲಿ ಅವನ ಮನೆಗೆ ಹೋಗಬೇಕು. ಅವನ ಕಣ್ಣೆದುರು ಆಫ್ ಮಾಡಿ, ಯಾರೂ ತಳ್ಳದೆ ಮತ್ತೆ ಸ್ಟಾರ್ಟ್ ಮಾಡಬೇಕು. ಸ್ಟಾರ್ಟ್ ಆದರೆ ಕಾರು ನಮ್ಮದು, ಆಗದಿದ್ದರೆ ಗುಜರಿಯವನದು.

“ಮುರುಗೇಶನ್ನ ಕರೀರಿ” ಎಂದಳು ಗೋದಾ.

ಇಲ್ಲಿ ನನ್ನ ಆತ್ಮಗೌರವ ಎದ್ದು ಕೂತಿತು. ನಾನು ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಬದರೀನಾರಾಯಣ ಮೇಷ್ಟ್ರು. ಮುರುಗೇಶ ನಮ್ಮ ಬೀದಿಯ ತುದಿಯಲ್ಲಿ ವಾಹನಗಳ ವೈರಿಂಗ್ ರಿಪೇರಿ ಅಂಗಡಿ ಇಟ್ಟವನು, ನನ್ನ ಹಳೆಯ ವಿದ್ಯಾರ್ಥಿ, ಒಂಬತ್ತನೇ ಕ್ಲಾಸಿನಲ್ಲಿ ಫೇಲು. ಫೇಲ್ ಮಾಡಿದವನೂ ನಾನೇ. ವಿದ್ಯುತ್ ಮೋಟಾರಿನ ಚಿತ್ರ ಬರೆಯಿರಿ ಎಂದರೆ ಈ ಮಹಾನುಭಾವ ಮೋಟಾರಿಗೆ ಒಂದೇ ಒಂದು ತಂತಿ ಎಳೆದಿದ್ದ. ಕೆಂಪು ಶಾಯಿಯಲ್ಲಿ ದುಂಡಗೆ ಸೊನ್ನೆ ಹಾಕಿದೆ. ಅಲ್ಲಿಂದೀಚೆಗೆ ಪ್ರತಿ ವರ್ಷ ಆ ಪಾಠ ಬಂದಾಗ ಅವನ ಕಥೆ ಹೇಳುತ್ತೇನೆ: “ಕರೆಂಟು ಹೋಯ್ತು ಸರಿ, ವಾಪಸ್ ಹೇಗೆ ಬರತ್ತೆ? ನಡ್ಕೊಂಡಾ?” ಹುಡುಗರು ನಗುತ್ತಾರೆ. ನನ್ನ ಕ್ಲಾಸಿನಲ್ಲಿ ನಗು ಹುಟ್ಟುವ ಜಾಗ ಅದೊಂದೇ.

“ಅವನನ್ನ ಯಾಕೆ ಕರೀಬೇಕು? ನಾನೇ ಬಿಚ್ತೀನಿ” ಎಂದೆ.

“ಹೋದ ವರ್ಷ ಮಿಕ್ಸಿ ಬಿಚ್ಚಿದ್ರಿ.”

“ಅದು ಬೇರೆ.”

“ಬೇರೇನೇ. ಬೇರೆ ಬೇರೆಯಾಗೇ ಡಬ್ಬೀಲಿ ಇದೆ.”

ಜೆ.ಸಿ. ರಸ್ತೆಯಲ್ಲಿ ಒಂದು ಹಳೆಯ ರಿಪೇರಿ ಪುಸ್ತಕ ತಂದೆ. ಭಾನುವಾರ ಸಣ್ಣ ಮಳೆ ಜಿನುಗುತ್ತಿರುವಾಗ ಕಾರಿನ ಕೆಳಗೆ ಮಲಗಿ ಸ್ಟಾರ್ಟರ್ ಮೋಟಾರನ್ನು ಇಳಿಸಿದೆ. (ಇಳಿಸಿದೆ ಎಂದರೆ ಅದು ನನ್ನ ಎದೆಯ ಮೇಲೆ ಬಿತ್ತು.) ಹಿತ್ತಲಿನಲ್ಲಿ ಹಳೆಯ ಪೇಪರು ಹಾಸಿ, ಗೋದಾಳ ಹಿಟ್ಟು ಕಲಸುವ ಬೇಸಿನ್ನಿನಲ್ಲಿ ಪೆಟ್ರೋಲು ಸುರಿದು, ಒಂದೊಂದೇ ಭಾಗ ತೊಳೆದೆ. ಒಳಗೆ ಕರೆಂಟು ಮುಟ್ಟಿಸುವ ಇದ್ದಿಲಿನ ತುಂಡುಗಳಿರುತ್ತವೆ, ಕಾರ್ಬನ್ ಬ್ರಷ್ಷು ಎನ್ನುತ್ತಾರೆ. ಅವು ಪೂರ್ತಿ ಸವೆದಿದ್ದವು. ರೋಗ ಸಿಕ್ಕಿತು. ಹೊಸ ಬ್ರಷ್ಷು ತಂದು ಕೂರಿಸಿ, ತಾಮ್ರದ ಭಾಗವನ್ನು ಉಪ್ಪುಕಾಗದದಿಂದ ಉಜ್ಜಿ ಮಿಂಚಿಸಿದೆ. ಚಪಾತಿಗೆ ಒಂದು ವಾರ ಪೆಟ್ರೋಲಿನ ವಾಸನೆ ಬಂತು. ಉಪ್ಪಿನಕಾಯಿ ಜಾಸ್ತಿ ಹಾಕಿಕೊಂಡು ತಿಂದೆ.

ಅಷ್ಟಮಿಯ ದಿನ ಪರೀಕ್ಷೆ. ಮೋಟಾರನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಕಾರಿನ ಬ್ಯಾಟರಿ ತಂದು ಪಕ್ಕದಲ್ಲಿಟ್ಟೆ. ಒಂದು ವೈರು ಮೋಟಾರಿಗೆ ಕರೆಂಟು ಬಂದು ಸೇರುವ ಮೊಳೆಗೆ ಕಟ್ಟಿ, ಇನ್ನೊಂದನ್ನು ಅದರ ಮೈಗೆ ತಾಗಿಸು ಎಂದು ಪುಸ್ತಕದಲ್ಲಿತ್ತು. ಮೈಗೆ ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ. (ಹುಡುಗರು ‘ಯಾಕೆ’ ಎಂದು ಕೇಳದಿದ್ದರೆ ಬೈಯುವವನು ನಾನು.) ಮೋಟಾರನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು ಎಂಬ ಸಾಲು ಮುಂದಿನ ಪುಟದಲ್ಲಿತ್ತು.

ವೈರು ತಾಗಿದ್ದೇ ತಡ, ಮೋಟಾರು ‘ಘರ್’ ಎಂದು ಕಲ್ಲಿನಿಂದ ನೆಗೆದು, ಬಕೆಟ್ಟು ಒಡೆದು, ನನ್ನ ಕಾಲ್ಬೆರಳ ಮೇಲೆ ವಿಶ್ರಮಿಸಿತು. ಗೋದಾ ಓಡಿ ಬಂದಳು.

“ತಿರುಗ್ತಾ?” ಎಂದಳು. ಬೆರಳಿನ ವಿಚಾರ ಕೇಳಲಿಲ್ಲ.

“ತಿರುಗ್ತು” ಎಂದೆ ಹಲ್ಲು ಕಚ್ಚಿ.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹದಿನೆಂಟು ವರ್ಷದ ದಾಂಪತ್ಯದಲ್ಲಿ ನನ್ನ ಕೆಲಸ ನೋಡಿ ಅವಳ ಕಣ್ಣಲ್ಲಿ ಸಂತೋಷಕ್ಕೆ ನೀರು ಬಂದಿದ್ದು ಅದೇ ಮೊದಲು. ನಾನು ಉಬ್ಬಿಹೋದೆ. ಆಯುಧಪೂಜೆಗೆ ಊರೆಲ್ಲ ಮಿಷನ್ನಿಗೆ ಬಣ್ಣ ಬಳಿಯುವಾಗ ನನ್ನ ಮೋಟಾರು ಬೋಳಾಗಿ ಕೂರಬೇಕೆ? ಗೇಟಿಗೆ ಹೊಡೆದು ಉಳಿದಿದ್ದ ಹಸಿರು ಪೇಂಟು ಇತ್ತು. ಮೈಗೆ, ಕಾರಿಗೆ ಕೂರುವ ಅಂಚಿಗೆ, ಬೋಲ್ಟುಗಳಿಗೆ, ಎಲ್ಲಕ್ಕೂ ಎರಡೆರಡು ಕೋಟು ಹೊಡೆದೆ.

ಮಾರನೇ ದಿನ ಮಹಾನವಮಿ. ಮೋಟಾರು ಮಣೆ ಏರಿತು. ಪಕ್ಕದಲ್ಲಿ ನನ್ನ ಸ್ಪ್ಯಾನರುಗಳು. ಗೋದಾ ಎಲ್ಲಕ್ಕೂ ಗಂಧ, ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿದಳು. ಪೂಜೆಗಿಟ್ಟ ಆಯುಧ ಮರುಪೂಜೆಯಾಗುವವರೆಗೆ ಮುಟ್ಟುವಂತಿಲ್ಲ. ಹಾಗಾಗಿ ಕಾರಿಗೆ ಕೂರಿಸುವ ಕೆಲಸ ವಿಜಯದಶಮಿಯ ಬೆಳಿಗ್ಗೆಗೆ ಉಳಿಯಿತು.

ಬೆಳಿಗ್ಗೆ ಮರುಪೂಜೆ ಮುಗಿಸಿ ಮೋಟಾರು, ಬ್ಯಾಟರಿ ಎರಡನ್ನೂ ಕೂರಿಸಿದೆ. ಗೋದಾ ರೇಷ್ಮೆ ಸೀರೆ ಉಟ್ಟು, ಮೊಸರನ್ನದ ಡಬ್ಬಿ ಹಿಡಿದು, ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕೈಮುಗಿದಳು. ನಾನು ಕೀ ತಿರುಗಿಸಿದೆ. ಏನೂ ಇಲ್ಲ. ಮುಂಚೆ ಬರುತ್ತಿದ್ದ ‘ಟಿಕ್’ ಕೂಡ ಇಲ್ಲ. ಹತ್ತು ಸಲ ತಿರುಗಿಸಿದೆ. ಗೋದಾಳ ಮುಖ ಇಳಿಯುತ್ತಾ ಹೋಯಿತು.

“ನಿನ್ನ ಗಂಧ” ಎಂದೆ. “ಮೊನ್ನೆ ನೆಗೀತಿತ್ತು. ನೀನು ಗಂಧ ಬಳಿದೆ, ಒಳಗಿಳಿದು ಹಿಡ್ಕೊಂಡಿದೆ. ಮಿಷನ್ನಿಗೆ ಯಾಕೆ ಬೇಕು ಗಂಧ?”

ಅವಳು ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಕಾರಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತು, ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡಳು.

“ನಾನೇ ಅಪ್ಪನ ಕಾರು ಕಳೆದೆ ಅನ್ನಿ” ಎಂದಳು.

ಹನ್ನೊಂದು ಗಂಟೆಗೆ, ಕಾಲೆಳೆಯುತ್ತಾ, ಮುರುಗೇಶನ ಅಂಗಡಿಗೆ ಹೋದೆ.

ಅವನು ಅಂಗಡಿಗೆ ಬಾಳೆಕಂದು ಕಟ್ಟಿ, ಹೊಸ ಶರ್ಟು ಹಾಕಿಕೊಂಡು ಕೂತಿದ್ದ. “ನೀವ್ಯಾಕೆ ಬಂದ್ರಿ ಸಾರ್, ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ” ಎನ್ನುತ್ತಾ ಹೊಸ ಶರ್ಟಿನಲ್ಲೇ ಬಂದು ಕಾರಿನ ಕೆಳಗೆ ನುಗ್ಗಿದ. ಗೋದಾ ಕಾಫಿ ತರಲು ಒಳಗೆ ಹೋದಳು. ಕೆಳಗಿನಿಂದ ಅವನ ದನಿ ಬಂತು.

“ಸಾರ್, ಪೇಂಟ್ ಮಾಡಿದ್ಯಾರು?”

“ಯಾಕೆ?”

“ಈ ಮೋಟಾರಿಗೆ ಬರೋದು ಒಂದೇ ವೈರು ಸಾರ್. ವಾಪಸ್ ಹೋಗಕ್ಕೆ ವೈರಿಲ್ಲ. ಮೋಟಾರ್ ಮೈಯಿಂದ ಕಾರಿನ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ. ಕೂರೋ ಜಾಗಕ್ಕೆ ಪೇಂಟ್ ಹೊಡೆದು ದಾರಿ ಮುಚ್ಚಿಬಿಟ್ಟಿದೀರ.”

ಚಾಕುವಿನಿಂದ ಪೇಂಟು ಕೆರೆಯುವ ಸದ್ದು ಕೇಳುತ್ತಿತ್ತು.

“ಒಂದೇ ತಂತಿ” ಎಂದೆ ಕೊನೆಗೆ.

“ಹೂಂ ಸಾರ್. ನಮ್ಮ ಮಾವನ ಗ್ಯಾರೇಜಲ್ಲಿ ನೋಡಿದ್ದೆ. ಅದನ್ನೇ ಬರೆದಿದ್ದೆ.” ಸ್ವಲ್ಪ ಹೊತ್ತು ಕೆರೆದ. “ನಮ್ಮ ತಮ್ಮನೂ ಆಮೇಲೆ ನಿಮ್ಮ ಕ್ಲಾಸಲ್ಲೇ ಇದ್ದ ಸಾರ್. ನಡ್ಕೊಂಡು ಬರತ್ತಾ ಅಂತ ಕೇಳ್ತಿದ್ರಂತೆ.”

ಗೋದಾ ಕಾಫಿ ತಂದಳು. “ಗಂಧಾನೇ ಅಲ್ವೇನಪ್ಪಾ ಕಾರಣ?” ಎಂದಳು.

“ಗಂಧ ಏನ್ ಮಾಡತ್ತಮ್ಮ. ಪೇಂಟು.”

ಅವಳು ನನ್ನ ಕಡೆ ನೋಡಿದಳು. ನನ್ನ ಅಂಗೈಯಲ್ಲಿ ಇನ್ನೂ ಹಸಿರು ಇತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಮುರುಗೇಶ ಮೋಟಾರನ್ನು ಮತ್ತೆ ಬಿಗಿದು, ಎದ್ದು ಬಂದು ಕೀ ತಿರುಗಿಸಿದ. ಮಾವನವರ ಫಿಯೆಟ್ಟು ಒಂದೇ ಸಲಕ್ಕೆ ಎದ್ದು ಹೂಂಕರಿಸಿತು. ಎದುರುಮನೆಯ ಬಾಗಿಲು ತೆರೆಯಿತು. ಗೋದಾ ಮುರುಗೇಶನನ್ನು ಊಟಕ್ಕೆ ಕರೆದಳು, ಅವನೇ ಓಡಿಸಲಿ ಎಂದಳು. ನಾನು ಹಿಂದೆ, ಮೊಸರನ್ನದ ಡಬ್ಬಿಯ ಜೊತೆ.

ಮಲ್ಲೇಶ್ವರದಲ್ಲಿ ರಾಘವ ಗೇಟಿನಲ್ಲೇ ಕಾದಿದ್ದ. ಆಫ್, ಮತ್ತೆ ಸ್ಟಾರ್ಟ್. ಮೂರು ಸಲ. ರಾಘವ ಹಿಂದಿನ ಬಾಗಿಲು ತೆಗೆದು, ನನ್ನನ್ನು ಸರಿಸಿ ಸ್ವಲ್ಪ ಹೊತ್ತು ಕೂತ. “ನಸ್ಯ ಇನ್ನೂ ಇದೆ” ಎಂದ. ಗುಜರಿಯವನ ಸುದ್ದಿ ಅಲ್ಲಿಗೆ ಮುಗಿಯಿತು.

ಊಟಕ್ಕೆ ಕೂತಾಗ ರಾಘವ ಕೇಳಿದ: “ಏನಪ್ಪ ಮುರುಗೇಶ, ಇಷ್ಟು ಗೊತ್ತಿದೆ, ಎಲ್ಲೀವರೆಗೆ ಓದಿದೀಯ?”

“ಒಂಬತ್ತನೇ ಕ್ಲಾಸು ಸಾರ್. ಫೇಲು.”

“ಯಾಕೆ?”

ಮುರುಗೇಶ ನನ್ನನ್ನು ಒಂದು ಸಲ ನೋಡಿ, ಹೋಳಿಗೆ ಮುರಿದ.

“ಸರಿಯಾಗಿ ಓದ್ತಿರ್ಲಿಲ್ಲ ಸಾರ್.”

“ಅದೇ ಅಂದ್ಕೊಂಡೆ” ಎಂದಳು ಗೋದಾ, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಬಡಿಸುತ್ತಾ. “ಇವರಿಗೆ ಕೈಕೆಲಸ ಬರಲ್ಲ, ನಿಜ. ಆದ್ರೆ ಪಾಠದಲ್ಲಿ ಯಾರಿಗೂ ಅನ್ಯಾಯ ಮಾಡಿದೋರಲ್ಲ.”

ನಾಲ್ಕು ಜನರ ಎದುರು ಹೆಂಡತಿ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಆ ಹೋಳಿಗೆಯನ್ನು ಎಲೆಯ ತುದಿಗೆ ಸರಿಸಿ, ನೀರು ಕುಡಿದು ಎದ್ದೆ.