ಒಂಟಿಕೊಂಬನ ಮುಖ ಮತ್ತು ನಮ್ಮ ಫ್ಲೆಕ್ಸ್ ಅಂಗಡಿ

ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವರು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಪೆನ್‌ಡ್ರೈವ್ ಹಿಡಿದುಕೊಂಡು ಬಾಗಿಲಿಗೆ ಬರುತ್ತವೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಫ್ಲೆಕ್ಸ್ ಎಂದರೆ ಹುಟ್ಟುಹಬ್ಬಕ್ಕೆ, ಮದುವೆಗೆ, ಚುನಾವಣೆಗೆ ರಸ್ತೆ ಬದಿ ಕಟ್ಟುವ ದೊಡ್ಡ ಬ್ಯಾನರು. ಮುಳಬಾಗಿಲಿನ ಒಂದು ಅಂಗಡಿಯಲ್ಲಿ ಅದನ್ನು ಕಂಪ್ಯೂಟರಿನಲ್ಲಿ ತಯಾರು ಮಾಡುವವಳು ನಾನು. ಗೊತ್ತಿದ್ದವರು ಬೇಸರ ಮಾಡಿಕೊಳ್ಳಬೇಡಿ.

ಇನ್ನು ಒಂಟಿಕೊಂಬನ ಬಗ್ಗೆ ಹೇಳಬೇಕು. ಇವನು ಒಂದು ವಿದೇಶಿ ಕಾಮಿಕ್ ಪುಸ್ತಕದ ಖಳನಾಯಕ. ನಿಜವಾದ ಹೆಸರನ್ನು ಹೇಳಲು ನಾಲಿಗೆ ಹೊರಳುವುದಿಲ್ಲವಾದ್ದರಿಂದ ನಮ್ಮ ಕಡೆಯ ಹುಡುಗರು ಇಟ್ಟ ಹೆಸರು ಇದು. ಪುಸ್ತಕದಲ್ಲಿ ಅವನದು ನೀಲಿ ಮುಖ, ಬೋಳುತಲೆ, ಹಣೆಯ ಮಧ್ಯೆ ಒಂದೇ ಕೊಂಬು. ಮೊದಲ ಸಿನಿಮಾದಲ್ಲಿ ಹಾಗೇ ಬಂದ. ಎರಡನೆಯದರಲ್ಲಿ ಕೊಂಬೂ ಇಲ್ಲ, ನೀಲಿಯೂ ಇಲ್ಲ. ಬೆಳ್ಳಗೆ, ಭುಜದವರೆಗೆ ಕೂದಲು ಬಿಟ್ಟುಕೊಂಡು ಬಂದ. ಮೂರನೆಯದು ಬರುವ ಹೊತ್ತಿಗೆ ಸಿನಿಮಾದವರು ಬರೀ ಒಂದು ನೆರಳಿನ ಪೋಸ್ಟರ್ ಬಿಟ್ಟು ಸುಮ್ಮನಾದರು. ಮುಖ ಹೇಗಿದೆ ಎಂದು ಯಾರಿಗೂ ಗೊತ್ತಿಲ್ಲ. ನಮ್ಮೂರಿನಲ್ಲಿ ಅವನಿಗೆ ಅಭಿಮಾನಿ ಸಂಘವಿದೆ. ನಾಯಕನಿಗೆ ಇಲ್ಲ, ಖಳನಿಗೆ ಇದೆ. ಬಿಡುಗಡೆ ದಿನ ಥಿಯೇಟರ್ ಮುಂದೆ ಅವನ ದೊಡ್ಡ ಫ್ಲೆಕ್ಸ್ ಕಟ್ಟಬೇಕು ಎಂದು ಅವರು ಬಂದರು.

ನಮ್ಮ ಓನರಣ್ಣ ಬಹಳ ಕಾಲ ನನಗೆ ವಿಸಿಟಿಂಗ್ ಕಾರ್ಡ್ ಕೆಲಸ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಇದು ನನ್ನ ಮೊದಲ ದೊಡ್ಡ ಫ್ಲೆಕ್ಸ್. "ನೋಡಮ್ಮ," ಎಂದರು, "ಇದನ್ನ ನೋಡಿ ಊರು ಮೆಚ್ಚಿದ್ರೆ ಮುಂದಿನ ದೊಡ್ಡ ಕೆಲಸ ಎಲ್ಲಾ ನಿಂದೇ. ಊರು ನಕ್ರೆ ಮತ್ತೆ ವಿಸಿಟಿಂಗ್ ಕಾರ್ಡು."

ಮುಖವೇ ಗೊತ್ತಿಲ್ಲದವನ ಫ್ಲೆಕ್ಸನ್ನು ಹೇಗೆ ಮಾಡುವುದು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗಡ್ಡ

ನಮ್ಮ ಅಂಗಡಿಯ ಪರದೆ ದೊಡ್ಡದು. ಹಾಗಾಗಿ ಸಂಘದವರು ನೆರಳಿನ ಪೋಸ್ಟರನ್ನು ಹಿಗ್ಗಿಸಿ ನೋಡಲು ದಿನಾ ಸಂಜೆ ಬರತೊಡಗಿದರು. ಸಂಘದ ಅಧ್ಯಕ್ಷರು ಬಸ್‌ಸ್ಟ್ಯಾಂಡ್ ಹತ್ತಿರ ಲಾರಿ, ಕಾರುಗಳಿಗೆ ಸೀಟ್ ಕವರ್ ಹೊಲಿಯುವವರು. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಗಿರಾಕಿ ಜೊತೆ ಜಗಳಕ್ಕೆ ಮಾತ್ರ ತೆಲುಗು. ಕಾರ್ಯದರ್ಶಿ ಬೈರಕೂರಿನವರು, ಮಾವಿನ ತೋಟ ಇದೆ.

"ಇನ್ನೂ ದೊಡ್ಡದು ಮಾಡಿ ಮೇಡಂ," ಎಂದರು ಅಧ್ಯಕ್ಷರು. ಮಾಡಿದೆ. "ಇನ್ನೂ." ಮಾಡಿದೆ. ಪರದೆ ತುಂಬ ಬೂದುಬಣ್ಣದ ಚೌಕಗಳು.

"ಅರೇ, ನೋಡಿ! ಗಲ್ಲದ ಕೆಳಗೆ. ಗಡ್ಡ!"

ಕಾರ್ಯದರ್ಶಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. "ಹೌದಬ್ಬಾ. ಹೋತದ ಗಡ್ಡದ ತರ ಚೂಪಗಿದೆ."

ಅಷ್ಟರಲ್ಲೇ ಅಧ್ಯಕ್ಷರು ಕೋಲಾರ, ಮಾಲೂರು, ಶ್ರೀನಿವಾಸಪುರದ ಸಂಘಗಳ ಗುಂಪಿಗೆಲ್ಲ ವಾಯ್ಸ್ ಮೆಸೇಜ್ ಕಳಿಸಿಯಾಗಿತ್ತು: ಗಡ್ಡ ಖಚಿತ, ಮುಳಬಾಗಿಲು ಸಂಘದ ಸಂಶೋಧನೆ. ನಾನು ಪೋಸ್ಟರನ್ನು ಸ್ವಲ್ಪ ಮೇಲಕ್ಕೆ ಸರಿಸಿದೆ. ಮುಖ ಮೇಲಕ್ಕೆ ಹೋಯಿತು. ಗಡ್ಡ ಇದ್ದಲ್ಲೇ ಉಳಿಯಿತು.

ಒದ್ದೆ ಬಟ್ಟೆ ತಂದು ಪರದೆ ಒರೆಸಿದೆ. ಮಧ್ಯಾಹ್ನ ನಾನು ತಿಂದ ಚಿತ್ರಾನ್ನದ ಒಗ್ಗರಣೆ.

"ಮೆಸೇಜ್ ಡಿಲೀಟ್ ಮಾಡಿ," ಎಂದರು ಕಾರ್ಯದರ್ಶಿ. ಅಧ್ಯಕ್ಷರು ಮೊಬೈಲ್ ನೋಡಿ ನಿಟ್ಟುಸಿರು ಬಿಟ್ಟರು. "ಲೇಟಾಯ್ತು. ಮಾಲೂರಿನವರಿಗೂ ಗಡ್ಡ ಕಾಣಿಸ್ತಂತೆ."

ನಂಗಲಿಯ ಸುದ್ದಿ

ಇನ್ನೊಂದು ದಿನ ಅಧ್ಯಕ್ಷರು ಓಡಿಬಂದರು. ಸೀಟ್ ಹೊಲಿಸಲು ಬಂದಿದ್ದ ಲಾರಿ ಡ್ರೈವರೊಬ್ಬರು, ನಂಗಲಿ ದಾಟಿ ಆಂಧ್ರದ ಕಡೆ ಹೋದರೆ ಹೈವೇ ಪಕ್ಕ ಒಂಟಿಕೊಂಬನ ಹೊಸ ಪೋಸ್ಟರ್ ಈಗಾಗಲೇ ಹಾಕಿದ್ದಾರೆ ಎಂದರಂತೆ. ಮುಖವೆಲ್ಲ ಸ್ಪಷ್ಟವಾಗಿ ಕಾಣುತ್ತದಂತೆ. ನೀಲಿಯೇ ಅಂತೆ.

"ಫೋಟೋ ಕಳಿಸ್ತೀನಿ ಅಂದವ್ನೆ. ಕಾಯೋಣ."

ಕಾದೆವು. ಟೀ ಬಂತು, ಕುಡಿದೆವು. ಓನರಣ್ಣನೂ ಗಲ್ಲಾಪೆಟ್ಟಿಗೆ ಬಿಟ್ಟು ಬಂದು ಕೂತರು. ಫೋಟೋ ಬಂತು. ನೀಲಿ ಮುಖ ನಿಜ. ಬೋಳುತಲೆಯೂ ನಿಜ. ಹಣೆಯಲ್ಲಿ ಚೂಪಾಗಿ ಏನೋ ಇದ್ದದ್ದೂ ನಿಜ. ಕೆಳಗೆ ತೆಲುಗಿನಲ್ಲಿ ಬರೆದಿದ್ದನ್ನು ಕಾರ್ಯದರ್ಶಿ ಗಟ್ಟಿಯಾಗಿ ಓದಿದರು:

"ಅರ್ಧ ತಲೆನೋವೇ? ಒಂದೇ ಮಾತ್ರೆ."

ಅಜ್ಜಿಯ ಅಭಿಪ್ರಾಯ

ಆವನಿಯಿಂದ ಒಬ್ಬ ಅಜ್ಜಿ, ಮೊಮ್ಮಗಳ ಆರತಿ ಶಾಸ್ತ್ರದ ಫ್ಲೆಕ್ಸ್ ಮಾಡಿಸಲು ಬಂದಿದ್ದರು. ಆರತಿ ಶಾಸ್ತ್ರ ಎಂದರೆ ಹುಡುಗಿ ದೊಡ್ಡವಳಾದಾಗ ಮಾಡುವುದು. ನಮ್ಮ ಕಡೆ ಅದಕ್ಕೂ ಫ್ಲೆಕ್ಸ್ ಬೇಕು. ಆಗ ನನ್ನ ಪರದೆಯಲ್ಲಿ ಒಂಟಿಕೊಂಬನ ಹಳೆಯ ಎರಡು ಮುಖಗಳು ಅಕ್ಕಪಕ್ಕ ಇದ್ದವು.

"ಯಾರಮ್ಮಾ ಇವ್ನು? ಯಾವ ವಾರ್ಡಿಗೆ ನಿಂತವ್ನೆ?"

"ಇಲ್ಲ ಅಜ್ಜಿ, ಸಿನಿಮಾದವನು. ಮೊದಲು ಹೀಗಿದ್ದ, ಆಮೇಲೆ ಹೀಗಾದ. ಯಾಕೆ ಬದಲಾದ ಅಂತ ಇವರೆಲ್ಲ ತಲೆ ಕೆಡಿಸ್ಕೊಂಡಿದಾರೆ."

ಸಂಘದವರು ತಮ್ಮ ತಮ್ಮ ವಾದ ಹೇಳಿದರು. ಯುದ್ಧದಲ್ಲಿ ಕೊಂಬು ಮುರಿದಿದೆ ಎಂದು ಒಬ್ಬರು. ಇಬ್ಬರೂ ಬೇರೆ ಬೇರೆ, ಅವಳಿ ಅಣ್ಣತಮ್ಮ ಎಂದು ಇನ್ನೊಬ್ಬರು. ವಿಜ್ಞಾನಿಯೊಬ್ಬ ಔಷಧಿ ಕೊಟ್ಟಿದ್ದಾನೆ ಎಂದು ಅಧ್ಯಕ್ಷರು. ಅಜ್ಜಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಎಲೆಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದರು.

"ಅದಕ್ಯಾಕೆ ಇಷ್ಟು ಜಗಳ? ಕೊಂಬು ತೆಗೆಸ್ಕೊಂಡವ್ನೆ, ಬೆಳ್ಳಗಾಗವ್ನೆ, ಕೂದ್ಲು ಬಾಚವ್ನೆ. ಹೆಣ್ಣು ನೋಡಕ್ ಹೊಂಟವ್ನೆ ಕಣಪ್ಪಾ."

ಕಾರ್ಯದರ್ಶಿ ಪರದೆಯ ಎರಡೂ ಮುಖಗಳನ್ನು ಮತ್ತೊಮ್ಮೆ ನೋಡಿ ಮೆಲ್ಲಗೆ ಹೇಳಿದರು: "ಎರಡನೇ ಪಾರ್ಟಲ್ಲಿ ಅವನಿಗೆ ಎಂಗೇಜ್‌ಮೆಂಟ್ ಆಗುತ್ತೆ."

ಕೊಂಬಿನ ಪಕ್ಷ, ಕೂದಲಿನ ಪಕ್ಷ

ಬಿಡುಗಡೆ ಹತ್ತಿರ ಬಂದಂತೆ ಸಂಘ ಎರಡಾಯಿತು. ಕೊಂಬು ವಾಪಸ್ ಬರುತ್ತದೆ ಎನ್ನುವವರಿಗೆ ಅಧ್ಯಕ್ಷರು ಮುಂದಾಳು. ಬರುವುದಿಲ್ಲ ಎನ್ನುವವರಿಗೆ ಕಾರ್ಯದರ್ಶಿ. ಇಲ್ಲಿ ಒಂದು ಪದ್ಧತಿ ಹೇಳಬೇಕು. ಅಭಿಮಾನಿಗಳ ಫ್ಲೆಕ್ಸ್ ಎಂದರೆ ಮೇಲೆ ಹೀರೋ ಒಬ್ಬ, ಕೆಳಗೆ ಸಾಲಾಗಿ ಸಂಘದವರ ಪಾಸ್‌ಪೋರ್ಟ್ ಫೋಟೋಗಳು. ನಿಜ ಹೇಳಬೇಕೆಂದರೆ ಫ್ಲೆಕ್ಸ್ ಮಾಡಿಸುವುದೇ ಆ ಕೆಳಗಿನ ಸಾಲಿಗಾಗಿ.

"ಕೊಂಬಿರೋ ಮುಖದ ಕೆಳಗೆ ನನ್ನ ಫೋಟೋ ಬೇಡ," ಎಂದರು ಕಾರ್ಯದರ್ಶಿ.

"ಕೊಂಬಿಲ್ದೇ ಇದ್ರೆ ನಮ್ಮ ಕಡೆಯವರು ಯಾರೂ ಬೇಡ," ಎಂದರು ಅಧ್ಯಕ್ಷರು.

ನಾನು ರಾಜಿ ಮಾಡಲು ಹೋದೆ. ಮುಖವನ್ನು ಮಧ್ಯಕ್ಕೆ ಸೀಳಿ ಎಡಗಡೆ ಕೊಂಬಿನ ಮುಖ, ಬಲಗಡೆ ಕೂದಲಿನ ಮುಖ ಸೇರಿಸಿದೆ. ಆದರೆ ಕೊಂಬು ಹಣೆಯ ಮಧ್ಯೆ ಇರುವುದರಿಂದ ಅದೂ ಸರಿಯಾಗಿ ಸೀಳಿಹೋಯಿತು.

ಓನರಣ್ಣ ಬಂದು ನೋಡಿದರು.

"ಇದೇನಮ್ಮಾ, ಹಣೇಲಿ ಮೂಲಂಗಿ ಹೆಚ್ಚಿಟ್ಟಿದೀಯ?"

ನಾನು ಮೇಜಿನ ಕೆಳಗಿದ್ದ ವಿಸಿಟಿಂಗ್ ಕಾರ್ಡ್ ಕಾಗದದ ಕಟ್ಟುಗಳನ್ನು ಎಣಿಸತೊಡಗಿದೆ.

ಬಟ್ಟೆ

ಕೊನೆಗೆ ದಾರಿ ತೋರಿಸಿದವರು ಅಧ್ಯಕ್ಷರೇ. "ಮೈ ಮಾತ್ರ ಪ್ರಿಂಟ್ ಹಾಕಿ ಮೇಡಂ. ಮುಖದ ಜಾಗ ಖಾಲಿ ಬಿಳಿ ಬಿಡಿ. ಮೇಲೆ ನಮ್ಮ ಅಂಗಡಿ ಬಟ್ಟೆ ಮುಚ್ತೀವಿ. ಮೊದಲ ಶೋ ನೋಡಿ ಬಂದು, ಸರಿಯಾದ ಮುಖ ಪ್ರಿಂಟ್ ಹಾಕಿ ಅಂಟಿಸಿ, ಬಟ್ಟೆ ತೆಗೆದು ಅನಾವರಣ ಮಾಡೋಣ." ಎರಡೂ ಪಕ್ಷದವರು ಒಪ್ಪಿದರು. ಕೆಳಗೆ ಎಲ್ಲರ ಫೋಟೋ ಬಂತು.

ಬಿಡುಗಡೆ ದಿನ ಬೆಳಿಗ್ಗೆ ಥಿಯೇಟರ್ ಮುಂದೆ ಕತ್ತಿ ಹಿಡಿದ ಮೈ, ಅದರ ಮೇಲೆ ಮೆರೂನ್ ಬಣ್ಣದ ಸೀಟ್ ಬಟ್ಟೆ ಸುತ್ತಿದ ತಲೆ. ಶ್ರೀನಿವಾಸಪುರದ ಸಂಘದವರು ಬೈಕುಗಳಲ್ಲಿ ಬಂದು ನಿಂತು ನಕ್ಕರು. ಅವರು ತಮ್ಮೂರಿನಲ್ಲಿ ಗಡ್ಡದ ಮುಖವನ್ನೇ ಕಟ್ಟಿದ್ದರು. "ಏನ್ರೋ, ನಿಮ್ಮೋನಿಗೆ ಹಲ್ಲುನೋವಾ?" ಓನರಣ್ಣ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಎಲ್ಲರೂ ಒಳಗೆ ಹೋದರು; ನಾನೂ ಹೋದೆ, ಮುಖ ನೋಡಿಕೊಂಡು ಓಡಿಹೋಗಿ ಪ್ರಿಂಟ್ ಹಾಕಬೇಕಿತ್ತಲ್ಲ.

ಸಿನಿಮಾ ಶುರುವಾಯಿತು. ಒಂಟಿಕೊಂಬ ಬಂದ. ಮುಖದ ತುಂಬ ಬಟ್ಟೆ ಸುತ್ತಿಕೊಂಡು ಬಂದ. ಇಂಟರ್‌ವಲ್ ಆಯಿತು, ತೆಗೆಯಲಿಲ್ಲ. ಕ್ಲೈಮ್ಯಾಕ್ಸ್ ಆಯಿತು, ತೆಗೆಯಲಿಲ್ಲ. ನಾಯಕ ಅವನ ಬಟ್ಟೆಗೆ ಕೈ ಹಾಕಿದ, ಅಷ್ಟಕ್ಕೇ ಸಿನಿಮಾ ಮುಗಿಯಿತು.

ಹೊರಗೆ ಬಂದಾಗ ಜಿಲ್ಲೆಯಲ್ಲೆಲ್ಲ ಒಂಟಿಕೊಂಬನ ಸರಿಯಾದ ಮುಖವಿದ್ದದ್ದು ನಮ್ಮ ಫ್ಲೆಕ್ಸಿನಲ್ಲಿ ಮಾತ್ರ. ಶ್ರೀನಿವಾಸಪುರದವರು ಬಾಯಿ ಬಿಟ್ಟುಕೊಂಡು ನಿಂತರು.

"ನಿಮಗೆ ಹೆಂಗ್ರೀ ಗೊತ್ತಾಯ್ತು?"

ಅಧ್ಯಕ್ಷರು ಕಾಲರ್ ಸರಿಮಾಡಿಕೊಂಡರು. "ಕಂಪನಿಯಲ್ಲಿ ನಮ್ಮ ಜನ ಇದಾರೆ."

"ಆದ್ರೆ ಸಿನಿಮಾದಲ್ಲಿ ಕಪ್ಪು ಬಟ್ಟೆ, ಇಲ್ಲಿ ಮೆರೂನು?"

"ಬೆಳಿಗ್ಗೆಯಿಂದ ಬಿಸಿಲಿಗೆ ಮಾಸಿದೆ."

ಓನರಣ್ಣ ಅಲ್ಲೇ, ಎಲ್ಲರ ಎದುರಿಗೆ, "ನಮ್ಮ ಹುಡುಗಿ ಮಾಡಿದ್ದು" ಎಂದರು. ಮುಂದಿನ ವಾರದ ಮದುವೆ ಫ್ಲೆಕ್ಸನ್ನೂ ನನಗೇ ಕೊಟ್ಟರು. ಬಟ್ಟೆ ತೆಗೆಯುವ ಮಾತು ಅಲ್ಲಿಗೆ ಮುಗಿಯಿತು. ಗಾಳಿಗೆ ಹಾರದಿರಲಿ ಎಂದು ಅಧ್ಯಕ್ಷರು ಏಣಿ ಹತ್ತಿ, ಸೀಟ್ ಹೊಲಿಯುವ ಸೂಜಿಯಲ್ಲಿ ಸುತ್ತ ಹೊಲಿದುಬಿಟ್ಟರು.

ಈಗ ಸಂಜೆ ಬರುವವರು ಸಿನಿಮಾದ ಬಗ್ಗೆ ಮಾತಾಡುವುದಿಲ್ಲ. ನಮ್ಮ ಫ್ಲೆಕ್ಸಿನ ಬಟ್ಟೆಯ ಕೆಳಗೆ ಯಾವ ಮುಖವಿದೆ ಎಂಬುದೇ ಚರ್ಚೆ. ಮೊನ್ನೆ ಅಧ್ಯಕ್ಷರೂ ಬಂದು ಕೂತು, ಬಹಳ ಹೊತ್ತು ಯೋಚಿಸಿ, "ನನಗೆ ಕೊಂಬೇ ಅನ್ಸುತ್ತೆ ಮೇಡಂ," ಎಂದರು.

"ಅಧ್ಯಕ್ಷರೇ, ಅಲ್ಲಿ ಏನೂ ಇಲ್ಲ. ಖಾಲಿ ಬಿಳಿ. ಖಾಲಿ ಬಿಡಿ ಅಂದಿದ್ದು ನೀವೇ. ಹೊಲಿದದ್ದೂ ನೀವೇ."

"ಗೊತ್ತು ಮೇಡಂ, ಗೊತ್ತು," ಎಂದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ: "ಆದ್ರೆ ಹೊಲಿಯುವಾಗ ಕೈಗೆ ಏನೋ ಚೂಪಗೆ ತಗುಲ್ತು."